ಸರಳಿನ ಮೇಲಿನ ಅರಿಶಿನ ದಾರ

ಆ ಕೆಲಸದಲ್ಲಿ ಒಟ್ಟು ಏಳು ಬಂದೂಕುಗಳಿದ್ದವು. ಆರು ಈಗ ಬಳ್ಳಾರಿಯ ಒಂದು ಪ್ರದರ್ಶನ ಕೊಠಡಿಯಲ್ಲಿ ಗಾಜಿನ ಹಿಂದೆ ಸಾಲಾಗಿ ನಿಂತಿವೆ. ಏಳನೆಯದರ ನಳಿಗೆ ಪೊಲೀಸರ ಬಳಿ ಇದೆ. ಅದರ ಮರದ ಹಿಡಿಯನ್ನು ನಾನೇ ರಾರಾವಿಗೆ ಒಯ್ದು ಕೊಟ್ಟು ಬಂದೆ. ನಡುವೆ ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ನಮ್ಮದು ಕೌಲ್ ಬಜಾರಿನಲ್ಲಿ ಬಂದೂಕು ರಿಪೇರಿಯ ಅಂಗಡಿ. ಪರವಾನಗಿ ನನಗೆ ಕೆಲಸ ಕಲಿಸಿದ ಉಸ್ತಾದರ ಹೆಸರಿನಲ್ಲಿತ್ತು. ಒಂದೇ ಬೆಂಚಿನ ಆ ಕಡೆ ಅವರು, ಈ ಕಡೆ ನಾನು, ಹೀಗೆ ಇಪ್ಪತ್ತೆರಡು ವರ್ಷ. ಒಂದು ದಿನ ಬೆಳಿಗ್ಗೆ ವಸ್ತುಸಂಗ್ರಹಾಲಯದ ಒಬ್ಬ ಮಹಿಳಾ ಅಧಿಕಾರಿ ಬಂದರು. ಜಿಲ್ಲೆಯ ಹಳೆಯ ಮನೆತನಗಳು ಕೊಡಲು ಒಪ್ಪಿದ ಬಂದೂಕುಗಳನ್ನು ಸೇರಿಸಿ ಒಂದು ಸಣ್ಣ ಪ್ರದರ್ಶನ ಮಾಡುವುದಿತ್ತು. ಕಾಗದಪತ್ರ, ಅನುಮತಿ ಎಲ್ಲ ಅವರೇ ಮಾಡಿಸಿದ್ದರು. ನಾವು ಮನೆಮನೆಗೆ ಹೋಗಿ ಬಂದೂಕು ಪರೀಕ್ಷಿಸಿ ತರಬೇಕು, ಬಿಚ್ಚಿ, ತುಕ್ಕು ತೆಗೆದು, ಶುಚಿ ಮಾಡಿ ಕೊಡಬೇಕು. ಮದ್ದು ಹೇಗೆ ತುಂಬುತ್ತಿದ್ದರು ಎಂಬ ಕ್ರಮದಲ್ಲಿ ಅವನ್ನು ಜೋಡಿಸಬೇಕೆಂಬುದು ಅವರ ಆಸೆ.

"ಅದೇನ್ ದೊಡ್ಡದಲ್ಲ ಮೇಡಂ," ಅಂದರು ಉಸ್ತಾದರು. "ಮೊದಲ ಬಾಯಿಂದ ಉಣ್ಣತಿದ್ದವು, ಆಮ್ಯಾಲ ಬೆನ್ನಿಂದ ಉಣ್ಣಾಕ ಕಲತವು. ಮುಗೀತು ಇತಿಹಾಸ."

ಆಕೆ ನಕ್ಕರು. "ಇದನ್ನೇ ನಾನು ಎರಡು ವರ್ಷ ಓದಿದೆ ಉಸ್ತಾದ್."

"ಫೀಜು ದಂಡ ಆತು ನೋಡ್ರಿ."

ಆಮೇಲೆ ಬೆಂಚಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತಾಳ್ಮೆಯಿಂದ ಹೇಳಿದರು. ಎಲ್ಲಕ್ಕಿಂತ ಹಳೆಯದು ಬತ್ತಿ ಬಂದೂಕು. ಹೊತ್ತಿಸಿದ ಹಗ್ಗದ ತುದಿಯನ್ನು ಮದ್ದಿಗೆ ತಾಗಿಸುವುದು. ಮಳೆ ಬಂದರೆ ಅದು ಬರೀ ಕೋಲು. ಅನಂತರ ಚಕಮಕಿ ಕಲ್ಲಿನದು. ಕಲ್ಲು ಉಕ್ಕಿಗೆ ಹೊಡೆದು ಕಿಡಿ ಹಾರಬೇಕು. ಅನಂತರ ಕೇಪಿನದು. ತಾಮ್ರದ ಸಣ್ಣ ಟೋಪಿಯಂಥ ಕೇಪನ್ನು ನಳಿಗೆಯ ಬುಡದಲ್ಲಿರುವ ತೂತಿನ ಮೊಳೆಯ ಮೇಲೆ ಕೂರಿಸಿ, ಕುದುರೆ ಎಂಬ ಸಣ್ಣ ಸುತ್ತಿಗೆ ಅದರ ಮೇಲೆ ಬಡಿಯುವಂತೆ ಮಾಡಿದ್ದು. ಈ ಮೂರಕ್ಕೂ ಮದ್ದು, ಚಿಂದಿ, ಚರೆ ಎಂಬ ಸೀಸದ ಕಾಳು ಎಲ್ಲವನ್ನೂ ನಳಿಗೆಯ ಬಾಯಿಯಿಂದ ಹಾಕಿ ಉದ್ದನೆಯ ಸರಳಿನಿಂದ ಗಿಡಿಯಬೇಕು. ಕೊನೆಗೆ ಬಂದದ್ದು ತೋಟಾ ಬಂದೂಕು. ಅದನ್ನು ನಡುವೆ ಮುರಿದು ಹಿಂದಿನಿಂದ ತೋಟಾ ಇಟ್ಟರಾಯಿತು. "ಬೆಂಕಿ ಮೂರು ಸಲ ಬದಲಾತು ಮೇಡಂ, ಬಾಯಿ ಒಂದ ಸಲ," ಅಂದರು.

ಅಧಿಕಾರಿ ಬರೆದುಕೊಂಡರು. ನಾನು ಆ ಮಾತನ್ನು ಎಷ್ಟೋ ಸಲ ಕೇಳಿದ್ದೆ. ಅದರಲ್ಲಿ ಆಕೆ ಬರೆದುಕೊಳ್ಳದ ಒಂದು ವಿಷಯವೂ ಇದೆ. ತೋಟಾ ಬಂದೂಕನ್ನು ಮುರಿದು ಬೆಳಕಿಗೆ ಹಿಡಿದರೆ ನಳಿಗೆಯ ಈ ತುದಿಯಿಂದ ಆ ತುದಿ ಕಾಣುತ್ತದೆ. ಒಳಗೆ ಏನಾದರೂ ಇದೆಯೇ ಎಂದು ತಿಳಿಯಲು ಕಣ್ಣು ಸಾಕು. ಬಾಯಿಂದ ತುಂಬುವ ಬಂದೂಕಿನ ಬುಡ ಮುಚ್ಚಿರುತ್ತದೆ. ಅಲ್ಲಿ ಒಂದು ದಪ್ಪ ಬಿರಡೆಯನ್ನು ತಿರುಪಿ ಕೂರಿಸಿರುತ್ತಾರೆ. ಒಳಗೆ ನೋಡಿದರೆ ಕತ್ತಲೆ. ಮದ್ದು ಒಣಗಿದ್ದರೆ ಅದಕ್ಕೆ ವಯಸ್ಸಾಗುವುದಿಲ್ಲ. ತಾತನ ಕಾಲದಲ್ಲಿ ತುಂಬಿದ್ದು ಮೊಮ್ಮಗನ ಕಾಲದಲ್ಲೂ ಹಾರಬಲ್ಲದು.

ಅದಕ್ಕಾಗಿ ಉಸ್ತಾದರ ಬಳಿ ಒಂದು ಹಿತ್ತಾಳೆಯ ಸರಳಿತ್ತು. ಹಿತ್ತಾಳೆಯಾದರೆ ಕಿಡಿ ಹಾರುವುದಿಲ್ಲ. ಅದನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಬಿಟ್ಟು, ನಳಿಗೆಯ ತುಟಿಯ ಮಟ್ಟದಲ್ಲಿ ಹೆಬ್ಬೆರಳಿನಿಂದ ಹಿಡಿದು, ಹೊರತೆಗೆದು, ನಳಿಗೆಯ ಹೊರಮೈಗೆ ಒತ್ತಿಟ್ಟು ನೋಡಬೇಕು. ಸರಳಿನ ತುದಿ ಬುಡದ ಬಿರಡೆಯವರೆಗೆ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಈ ಕೆಲಸಕ್ಕೆ ಒಂದು ನಿಮಿಷವೂ ಬೇಕಿಲ್ಲ.

ಅಂಗಡಿಯ ಇನ್ನೊಂದು ಕಟ್ಟಳೆ, ಇಬ್ಬರೂ ನೋಡಬೇಕು ಎಂಬುದು. ಬಂದೂಕಿಗೆ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದೆವು. ಅದರಲ್ಲಿ ಎರಡು ಗೆರೆ. ಮೊದಲ ಗೆರೆಯ ಮೇಲೆ ನಾನು ಖಾಲಿ ಎಂದು ಬರೆದು ಸಹಿ ಮಾಡಬೇಕು. ಅನಂತರ ಉಸ್ತಾದರು ತಾವೇ ಸರಳು ಹಾಕಿ ನೋಡಿ, ಎರಡನೆಯ ಗೆರೆಯ ಮೇಲೆ ಉರ್ದುವಿನಲ್ಲಿ ತಮ್ಮ ಹೆಸರು ಬರೆಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ಬಂದೂಕಿಗೂ ಇದು ತಪ್ಪಿರಲಿಲ್ಲ. ನನ್ನ ಕಣ್ಣೆದುರೇ ನಾನು ನೋಡಿದ್ದನ್ನು ಅವರು ಮತ್ತೆ ನೋಡುತ್ತಿದ್ದರು.

ಮೊದಲು ಹೋದದ್ದು ಕುರುಗೋಡಿಗೆ. ಬೆಟ್ಟದ ಬುಡದ ಒಂದು ಹಳೆಯ ಮನೆಯಲ್ಲಿ ಎರಡು ಬಂದೂಕುಗಳಿದ್ದವು, ಒಂದು ಬತ್ತಿಯದು, ಒಂದು ಚಕಮಕಿಯದು. ಮನೆಯವರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಅಧಿಕಾರಿ ಫೋಟೋ ತೆಗೆಯುತ್ತಿದ್ದರು. ನಾನು ಸರಳು ಹಾಕಿ ಅಳೆದು ಎರಡನ್ನೂ "ಖಾಲಿ" ಅಂದೆ. ಉಸ್ತಾದರು ಎದ್ದು ಬಂದು, ಕನ್ನಡಕ ಏರಿಸಿ, ಮತ್ತೆ ಅಳೆದರು. ಬತ್ತಿ ಬಂದೂಕನ್ನು ಎರಡು ಸಲ ಅಳೆದರು.

ಆ ಮನೆಯ ಯಜಮಾನನ ತಮ್ಮ ಕುಶಾಲಿನ ಮನುಷ್ಯ. "ಏನ್ರಿ ಉಸ್ತಾದ್, ಶಿಷ್ಯಾನ್ ತಲಿ ನರಿತೈತಿ, ಇನ್ನೂ ಪರೀಕ್ಷಾ ಪಾಸಾಗಿಲ್ಲೇನು?" ಅಂದ.

ಎಲ್ಲರೂ ನಕ್ಕರು. ಅಧಿಕಾರಿಯೂ ಸ್ವಲ್ಪ ನಕ್ಕರು. ಉಸ್ತಾದರು ನಗಲಿಲ್ಲ. ಸರಳನ್ನು ಬಟ್ಟೆಯಲ್ಲಿ ಒರೆಸಿ ಚೀಟಿಯ ಮೇಲೆ ಹೆಸರು ಬರೆದರು.

ನನಗೆ ಅವಮಾನವಾಯಿತು. ಅದು ಸಣ್ಣ ಅವಮಾನ, ಆದರೆ ಆ ಹೊತ್ತಿಗೆ ಸಣ್ಣದು ಅನ್ನಿಸಲಿಲ್ಲ. ಬಂದೂಕುಗಳನ್ನು ಅಧಿಕಾರಿಯ ಜೀಪಿನಲ್ಲಿ ಕಳಿಸಿ ನಾವಿಬ್ಬರೂ ಬಳ್ಳಾರಿಯ ಬಸ್ಸು ಹತ್ತಿದೆವು. ಕಿಟಕಿ ಕಡೆ ಅವರು ಕೂತಿದ್ದರು. ಊರು ದಾಟಿದ ಮೇಲೆ ನಾನು ಬಾಯಿ ಬಿಟ್ಟೆ.

"ಇಪ್ಪತ್ತೆರಡು ವರ್ಷ ಆತ್ರಿ ಉಸ್ತಾದ್. ನನ್ನ ಮ್ಯಾಲ ಇನ್ನೂ ನಂಬಿಕಿ ಇಲ್ಲೇನು ನಿಮಗ? ನಾಕು ಮಂದಿ ಮುಂದ ಹಿಂಗ ಮಾಡಿದ್ರ ನಾ ಏನ್ ತಿಳಕೋಬೇಕು? ನಾ ಅಳದಿದ್ದು ಸುಳ್ಳಾದ್ರ ನಾ ಯಾಕ ಇರಬೇಕು ಅಂಗಡ್ಯಾಗ?"

"ನಂಬಿಕಿ ನಿನ್ನ ಮ್ಯಾಲ ಐತಿ ಬೇಟಾ," ಅಂದರು. "ನಳಿಗಿ ಮ್ಯಾಲ ಇಲ್ಲ."

"ಅದು ಬರೇ ಮಾತು," ಅಂದೆ ನಾನು.

ಬಸ್ಸಿನಿಂದ ಇಳಿಯುವಾಗ ಅವರ ಮಂಡಿ ಹಿಡಿದುಕೊಂಡಿತ್ತು. ನಾನು ಕೈ ಕೊಟ್ಟೆ, ಹಿಡಿದು ಇಳಿದರು. ಅಲ್ಲಿಗೆ ಅದು ಮುಗಿಯಿತು ಎಂದು ನಾನು ತಿಳಿದೆ.

ನಾಲ್ಕು ದಿನದ ಮೇಲೆ ಸಿರುಗುಪ್ಪದ ಕಡೆ ಹೋದೆವು. ಪಟ್ಟಣದಲ್ಲಿ ಎರಡು ಮನೆಗಳಿಂದ ಒಟ್ಟು ನಾಲ್ಕು ಬಂದೂಕು ಸಿಕ್ಕವು, ಎರಡು ಕೇಪಿನವು, ಎರಡು ತೋಟಾದವು. ಆ ನಾಲ್ಕಕ್ಕೂ ಉಸ್ತಾದರು ಎಂದಿನಂತೆ ನನ್ನ ಹಿಂದೆ ಸರಳು ಹಾಕಿದರು, ತೋಟಾದವನ್ನು ಮುರಿದು ಬೆಳಕಿಗೆ ಹಿಡಿದರು. ಆದರೆ ಪ್ರತಿ ಸಲವೂ ಮೊದಲು ನನ್ನ ಮುಖ ನೋಡುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ.

ಕೊನೆಗೆ ರಾರಾವಿ. ಭತ್ತದ ಗದ್ದೆಗಳ ನಡುವೆ ಇದ್ದ ಮನೆ. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಒಳಗಿನಿಂದ ಸೊಸೆ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ತರುವಂತೆ ತಂದಳು. ಕೇಪಿನ ಬಂದೂಕು. ಹಿಡಿಗೆ ಕುಂಕುಮ, ನಳಿಗೆಗೆ ವಿಭೂತಿ ಪಟ್ಟೆ. ನಳಿಗೆಯೊಳಗೆ ಅದರದೇ ಕಬ್ಬಿಣದ ಸರಳನ್ನು ಇಳಿಬಿಟ್ಟಿದ್ದರು. ಸರಳಿಗೆ ಅರಿಶಿನದ ದಾರ ಕಟ್ಟಿತ್ತು.

"ನಮ್ಮಪ್ಪ ಹಂದಿ ಬರದಂಗ ಹೊಲಾ ಕಾಯಾಕ ಇಟಗೊಂಡಿದ್ದು," ಅಂದರು ಯಜಮಾನರು. "ಅಂವ ಸತ್ತ ಮ್ಯಾಲ ಒಬ್ಬರೂ ಹಾರಿಸಿಲ್ಲ. ನನಗಂತೂ ಕುದುರಿ ಎತ್ತಾಕೂ ಬರಂಗಿಲ್ಲ. ಆಯುಧ ಪೂಜಿಗೆ ತೆಗೀತೀವಿ, ತೊಳದು ದಾರ ಕಟ್ಟತೀವಿ, ಒಳಗ ಇಡತೀವಿ."

ದಾರ ಯಾಕೆ ಎಂದು ಕೇಳಿದೆ.

"ಅದು ನಮ್ಮಪ್ಪಂದು ಲೆಕ್ಕ. ಸರಳು ಬಿಟ್ಟಾಗ ದಾರ ನಳಿಗಿ ತುಟಿಗೆ ಸಮ ಬಂದ್ರ ಒಳಗ ಏನೂ ಇಲ್ಲಂತ. ಮ್ಯಾಲ ನಿಂತ್ರ ತುಂಬೈತಿ ಅಂತ. ಓದಾಕ ಬರದವರಿಗೂ ಗೊತ್ತಾಗಲಿ ಅಂತ ಮಾಡಿದ್ದ."

ಒಳ್ಳೆಯ ಲೆಕ್ಕ. ಬಾಯಿಂದ ತುಂಬುವ ಬಂದೂಕು ಇರುವ ಎಷ್ಟೋ ಮನೆಗಳಲ್ಲಿ ಸರಳಿಗೆ ಇಂಥದೊಂದು ಗುರುತು ಇರುತ್ತದೆ. ಕೆಲವರು ಅರದಿಂದ ಗೀರುತ್ತಾರೆ. ನಾನು ಬಗ್ಗಿ ನೋಡಿದೆ. ದಾರ ನಳಿಗೆಯ ತುಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮವಾಗಿತ್ತು. ಸರಳನ್ನು ಒಂದು ಗೇಣು ಎತ್ತಿ ಬಿಟ್ಟೆ. ತಳದಲ್ಲಿ ಸಪ್ಪಳವಾಯಿತು. ಖಾಲಿ ನಳಿಗೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಠಣ್ ಅನ್ನುತ್ತದೆ. ಇದು ಮಂದವಾಗಿ ಕೇಳಿಸಿತು. ಇಷ್ಟು ವರ್ಷದ ತುಕ್ಕು, ಧೂಳು ತಳದಲ್ಲಿ ಕೂತಿದೆ ಎಂದುಕೊಂಡೆ. ಆ ಸಪ್ಪಳ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ.

ಹಿತ್ತಾಳೆಯ ಸರಳು ನನ್ನ ಹೆಗಲ ಚೀಲದಲ್ಲಿತ್ತು. ತೆಗೆಯಲಿಲ್ಲ. ಉಸ್ತಾದರು ಹೊರಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. "ಖಾಲಿ ಐತ್ರಿ," ಎಂದು ಅಲ್ಲಿಂದಲೇ ಕೂಗಿದೆ. ಚೀಟಿಯ ಮೊದಲ ಗೆರೆಯ ಮೇಲೆ ಸಹಿ ಮಾಡಿದೆ.

ಅವರು ಏಳುತ್ತಾರೆ ಎಂದು ಕಾದೆ. ಏಳಲಿಲ್ಲ. ಲೋಟ ಕೆಳಗಿಟ್ಟು, "ಹ್ಞೂಂ, ಹೊರಡೂಣು," ಅಂದರು.

ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡಬಾರದು. ಬಸ್ಸಿನಲ್ಲಿ ನಾನು ಆಡಿದ ಮಾತು ಅವರಿಗೆ ನಾಟಿದೆ, ಕೊನೆಗೂ ನಾಟಿತು ಎಂದು ನನಗೆ ಸಂತೋಷವಾಯಿತು.

ಅಂಗಡಿಯಲ್ಲಿ ಕೆಲಸ ಕ್ರಮವಾಗಿ ನಡೆಯಿತು. ಹಳೆಯದರಿಂದ ಶುರು ಮಾಡಿದೆವು. ಬತ್ತಿ ಬಂದೂಕಿನ ಹಿಡಿ ಹುಳು ತಿಂದಿತ್ತು, ಅದಕ್ಕೆ ಎರಡು ದಿನ ಹಿಡಿಯಿತು. ಚಕಮಕಿಯದರ ಕಮಾನು, ಅಂದರೆ ಸ್ಪ್ರಿಂಗು, ಒಡೆದಿತ್ತು, ಅದನ್ನು ಹಾಗೆಯೇ ಬಿಡಿ ಎಂದು ಅಧಿಕಾರಿ ಹೇಳಿದರು. ನಳಿಗೆಗಳ ಬುಡದ ಬಿರಡೆಯನ್ನು ತಿರುಪಿ ತೆಗೆದು, ಒಳಗೆ ಸೀಮೆಎಣ್ಣೆ ಹಾಕಿ ತಿಕ್ಕಿ, ಆರಿಸಿ, ಎಣ್ಣೆ ಹಚ್ಚಿ ಮುಚ್ಚಿದೆವು. ಆರು ಮುಗಿದವು. ಆರು ಚೀಟಿಗಳಲ್ಲೂ ಎರಡೆರಡು ಸಹಿ.

ರಾರಾವಿಯದನ್ನು ಕೊನೆಗೆ ಹಿಡಿದೆವು. ನಾನು ಹಿಡಿಯನ್ನೂ ಕುದುರೆಯ ಕಟ್ಟನ್ನೂ ಬಿಚ್ಚಿ ಬೇರೆ ಇಟ್ಟೆ. ನಳಿಗೆಯನ್ನು ಬಾಯಿ ಹಿಂದಿನ ಗೋಡೆಯ ಕಡೆ ಬರುವಂತೆ ಬೆಂಚಿನ ಇಕ್ಕಳವಾದ ವೈಸ್‌ಗೆ ಬಿಗಿದೆ. ಕೇಪು ಕೂರಿಸುವ ಮೊಳೆಯ ಸುತ್ತ ಕಪ್ಪಗೆ ಏನೋ ಮೆತ್ತಿತ್ತು. ಉಗುರಿನಿಂದ ಕೆರೆದರೆ ಮೇಣದ ಹಾಗೆ ಬಂತು. ಇದನ್ನೂ ಉಸ್ತಾದರಿಗೆ ಹೇಳಲಿಲ್ಲ. ಹೊಲದಲ್ಲಿ ಓಡಾಡಿದ ಬಂದೂಕು, ತೇವ ತಾಗಬಾರದೆಂದು ಯಾರೋ ಮೇಣ ಹಚ್ಚಿರಬಹುದು ಅಂದುಕೊಂಡೆ. ಯಾವುದಕ್ಕೆ ತೇವ ತಾಗಬಾರದು ಎಂದು ಯೋಚಿಸಲಿಲ್ಲ.

ಬಿರಡೆ ಎರಡು ಸುತ್ತು ಬಂದು ನಿಂತುಬಿಟ್ಟಿತು. ಮೂರು ದಿನ ಎಣ್ಣೆ ಬಿಟ್ಟೆವು. ಅಲುಗಲಿಲ್ಲ. ಇಂಥ ಕಡೆ ಬುಡಕ್ಕೆ ಉರಿ ಊದುವ ಬ್ಲೋಲ್ಯಾಂಪಿನಿಂದ ಶಾಖ ಕೊಡುತ್ತೇವೆ. ಕಬ್ಬಿಣ ಹಿಗ್ಗಿ, ತುಕ್ಕು ಬಿಟ್ಟು, ಬಿರಡೆ ಸಡಿಲವಾಗುತ್ತದೆ. ಅದಕ್ಕೆ ಮೊದಲು ಮಾತ್ರ ಸರಳು ಹಾಕಿ ನೋಡಲೇಬೇಕು.

ಅಂದು ಮಧ್ಯಾಹ್ನದ ನಮಾಜು ಮುಗಿಸಿ ಉಸ್ತಾದರು ಬಂದು ಸ್ಟೂಲಿನ ಮೇಲೆ ಕೂತರು. ಬ್ಲೋಲ್ಯಾಂಪಿಗೆ ಗಾಳಿ ಹೊಡೆದರು. ಆಮೇಲೆ ಕೇಳಿದರು:

"ಇದು ನೋಡೀಯಲ್ಲ?"

"ನೋಡೀನ್ರಿ. ಖಾಲಿ ಐತಿ."

ಹಿತ್ತಾಳೆಯ ಸರಳು ಅವರ ಬಲಗಡೆ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವರ ಕೈ ಅದರ ಕಡೆ ಹೋಯಿತು. ಬೆರಳು ಅದಕ್ಕೆ ತಾಗಿದ್ದನ್ನು ನಾನು ನೋಡಿದೆ. ಅವರು ನನ್ನ ಕಡೆ ತಿರುಗಿದರು. ನನ್ನ ಮುಖದಲ್ಲಿ ಏನಿತ್ತೋ ನನಗೆ ತಿಳಿಯದು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಆತು ಬಿಡು," ಅಂದರು. "ನೀ ನೋಡೀಯಂದ್ರ ಆತು."

ನಾನು ಒದ್ದೆ ಗೋಣಿ ತರಲು ಬಾಗಿಲ ಕಡೆ ಹೋದೆ. ಶಾಖ ಕೊಡುವಾಗ ಒದ್ದೆ ಗೋಣಿ ಹತ್ತಿರ ಇರಬೇಕೆಂಬುದು ಅಂಗಡಿಯ ಪದ್ಧತಿ. ಐದು ಹೆಜ್ಜೆ. ಗೋಣಿಯನ್ನು ಬಕೀಟಿನಲ್ಲಿ ಅದ್ದಿ ಹಿಂಡುತ್ತಿದ್ದೆ. ಬ್ಲೋಲ್ಯಾಂಪಿನ ಭರ್ರ್ ಸದ್ದು ಕೇಳುತ್ತಿತ್ತು. ಅದು ನಿಂತ ಹಾಗೆ ಅನ್ನಿಸಿತು. ನಿಂತಿರಲಿಲ್ಲ, ಅದಕ್ಕಿಂತ ದೊಡ್ಡ ಸದ್ದು ಅದನ್ನು ನುಂಗಿತ್ತು.

ತಿರುಗಿ ನೋಡಿದಾಗ ಅಂಗಡಿ ತುಂಬ ಬಿಳಿ ಹೊಗೆ. ಹಿಂದಿನ ಗೋಡೆಯ ಗಾರೆ ಉದುರುತ್ತಿತ್ತು. ಅಲ್ಲಿಗೆ ಹೋದದ್ದು ಚರೆ. ಬಿರಡೆ ಇನ್ನೊಂದು ಕಡೆಗೆ, ಉಸ್ತಾದರ ಕಡೆಗೆ, ಬಂದಿತ್ತು. ಅರ್ಧ ಬಿಚ್ಚಿದ ಬಿರಡೆಯನ್ನು ತುಕ್ಕು ತಿಂದ ತಿರುಪಿನ ಸುತ್ತುಗಳಿಂದ ಹಿಡಿದಿಡಲಾಗಿರಲಿಲ್ಲ. ಉಸ್ತಾದರು ಇನ್ನೂ ಸ್ಟೂಲಿನ ಮೇಲೇ ಇದ್ದರು, ಬೆನ್ನು ಕಪಾಟಿಗೆ ಒರಗಿತ್ತು. ಎರಡೂ ಕೈ ಹೊಟ್ಟೆಯ ಮೇಲಿದ್ದವು. ನಾನು ಬ್ಲೋಲ್ಯಾಂಪ್ ಆರಿಸಿದೆ. ಯಾಕೆ ಮೊದಲು ಅದನ್ನು ಆರಿಸಿದೆನೋ ಗೊತ್ತಿಲ್ಲ.

ಅವರು ನನ್ನನ್ನೇ ನೋಡುತ್ತಿದ್ದರು. "ಒಳಗ ಇತ್ತೇನು?" ಎಂದು ಕೇಳಿದರು. ಬೈಗುಳವಿರಲಿಲ್ಲ. ಕೆಲಸದ ನಡುವೆ ಏನಾದರೂ ಕೇಳುವ ಹಾಗೇ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಪಕ್ಕದ ಅಂಗಡಿಯವರು ಓಡಿ ಬಂದರು. ಆಟೋದಲ್ಲಿ ಉಸ್ತಾದರ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಗೇಟು ದಾಟುವಾಗಲೂ ಉಸಿರಿತ್ತು. ಒಂದು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದು, ಉಸಿರು ನಿಂತಿತು ಎಂದು ಹೇಳಿದರು. ಉಸ್ತಾದರ ಪ್ರಶ್ನೆಗೆ ಉತ್ತರ ಕೊಡಲು ನನಗೆ ಅಷ್ಟು ಸಮಯವಿತ್ತು. ನಾನು ಆಟೋದಲ್ಲಿ "ಏನೂ ಆಗಂಗಿಲ್ಲ, ಏನೂ ಆಗಂಗಿಲ್ಲ" ಎಂದೇ ಹೇಳಿಕೊಂಡು ಬಂದಿದ್ದೆ.

ಮರುದಿನ ಮಣ್ಣು ಮಾಡಿ ಬಂದ ಮೇಲೆ ಪೊಲೀಸರ ಎದುರು ನಳಿಗೆಯನ್ನು ಅಳೆದೆ. ಅವರು ಬೇರೆ ಪರಿಣತರನ್ನು ಕರೆಸುವವರಿದ್ದರು. ನಾನೇ ಒಮ್ಮೆ ಅಳೆಯುತ್ತೇನೆ ಎಂದು ಕೇಳಿಕೊಂಡೆ. ಈಗ ನಳಿಗೆಯ ಎರಡೂ ಬಾಯಿ ತೆರೆದಿದ್ದವು, ಬೆಳಕು ಕಾಣುತ್ತಿತ್ತು. ರಾರಾವಿಯ ಸರಳನ್ನು ಹೊರಮೈಗೆ ಒತ್ತಿಟ್ಟು, ಅರಿಶಿನ ದಾರವನ್ನು ನಳಿಗೆಯ ತುಟಿಗೆ ಸಮ ಹಿಡಿದೆ. ಸರಳಿನ ತುದಿ ಬಿರಡೆಯ ಜಾಗ ಮುಟ್ಟಲಿಲ್ಲ. ನಡುವೆ ಬೆರಳಿಟ್ಟು ನೋಡಿದೆ. ನಾಲ್ಕು ಬೆರಳು. ಮದ್ದು, ಚಿಂದಿ, ಚರೆ, ಮತ್ತೆ ಚಿಂದಿ, ಇವು ನಳಿಗೆಯಲ್ಲಿ ಹಿಡಿಯುವ ಜಾಗ ಅಷ್ಟೇ.

ದಾರ ಹೇಳುತ್ತಿದ್ದುದು ಸುಳ್ಳು. ಬಂದೂಕು ತುಂಬಿರುವಾಗಲೇ ಸರಳನ್ನು ಇಳಿಬಿಟ್ಟು ಯಾರೋ ಅದನ್ನು ತುಟಿಗೆ ಸಮ ಕಟ್ಟಿದ್ದರು.

ಹೇಳಿಕೆ ಬರೆದುಕೊಂಡ ಜಮಾದಾರರು ಉಸ್ತಾದರನ್ನು ಬಲ್ಲವರು. ದನಿ ತಗ್ಗಿಸಿ ಹೇಳಿದರು: "ನೋಡಪಾ, ಲೈಸೆನ್ಸ್ ಅವರದು, ಬೆಂಕಿ ಹಚ್ಚಿದವರೂ ಅವರ. ವಯಸ್ಸಾಗಿತ್ತು, ನೋಡೂದು ಮರತ್ರು ಅಂತ ಬರಕೊಳ್ಳಲೇನು? ಇನ್ನ ಅವರಿಗೆ ಏನ್ ಆಗೂದೈತಿ? ನಿನಗರ ತ್ರಾಸ ತಪ್ಪತೈತಿ."

ಅವರು ಒಳ್ಳೆಯದಕ್ಕೇ ಹೇಳಿದರು. ಓಣಿಯಲ್ಲಿ ಆಗಲೇ ಜನ ಹಾಗೆ ಮಾತಾಡುತ್ತಿದ್ದರು. ಮುದುಕನ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು ಎಂದು. ಉಸ್ತಾದರ ಕೈ ಯಾವತ್ತೂ ನಡುಗಿರಲಿಲ್ಲ. ನಾನು ತಲೆಯಾಡಿಸಿದರೆ ಸಾಕಿತ್ತು, ಜಮಾದಾರರು ಬರೆದುಕೊಳ್ಳುತ್ತಿದ್ದರು. ಒಂದು ಕ್ಷಣ ನಾನು ಸುಮ್ಮನಿದ್ದೆ. ಆ ಕ್ಷಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

"ಅಲ್ರಿ," ಅಂದೆ. "ಅವರು ಮರೀಲಿಲ್ಲ. ಸರಳಿಗೆ ಕೈ ಹಾಕಿದ್ರು. ನಾ ಖಾಲಿ ಅಂದಿದ್ದಕ್ಕ ಬಿಟ್ರು. ನಾ ಅಂಗಡಿ ಸರಳು ಹಾಕಿರಲಿಲ್ಲ. ಬರೇ ದಾರ ನೋಡಿ ಖಾಲಿ ಅಂದೆ. ಹಂಗ ಬರಕೋರಿ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಹಾಗೆಯೇ ಬರೆದುಕೊಂಡರು. ದಾರ ಕಟ್ಟಿದವರು ಯಾರು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಆಗ ಅದು ನಿಜವಿತ್ತು.

ನಳಿಗೆ, ಬಿರಡೆ, ಸರಳು, ಚೀಟಿ ಅವರು ಇಟ್ಟುಕೊಂಡರು. ಬೇಕಾದಾಗ ಬರಬೇಕೆಂದು ನನಗೆ ಹೇಳಿದರು. ಆ ಕೇಸು ಇನ್ನೂ ನಡೆದಿದೆ. ಕರೆದಾಗಲೆಲ್ಲ ಹೋಗಿ ಅದನ್ನೇ ಹೇಳಿ ಬರುತ್ತೇನೆ.

ಹಿಡಿಯನ್ನು ಅವರು ಬೇಡವೆಂದು ಬಿಟ್ಟಿದ್ದರು. ಹದಿನೈದು ದಿನದ ಮೇಲೆ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ರಾರಾವಿಗೆ ಹೋದೆ. ಯಜಮಾನರು ಗದ್ದೆಗೆ ಹೋಗಿದ್ದರು. ಸೊಸೆ ಒಬ್ಬಳೇ ಇದ್ದಳು. ಹಿಡಿಯನ್ನು ತೆಗೆದುಕೊಂಡು ಗೋಡೆಗೆ ಒರಗಿಸಿದಳು. ನೀರು ಕೊಟ್ಟಳು. ನಾನು ಲೋಟ ಕೆಳಗಿಡುವವರೆಗೆ ಕಾದು ನಿಂತಿದ್ದಳು.

"ಅಣ್ಣಾರ, ಒಂದು ಕೇಳತೀನಿ, ಖರೇ ಹೇಳ್ರಿ. ಆ ದಾರದ್ದಕ್ಕ ಹಿಂಗಾತೇನು?"

ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

"ಅದನ್ನ ಕಟ್ಟಿದಾಕಿ ನಾನ್ರಿ. ಪ್ರತಿ ವರ್ಷ ನಮ್ಮತ್ತಿ ಕಟ್ಟತಿದ್ಲು. ಹಳೇ ದಾರ ಬಿಚ್ಚೂಕಿಂತ ಮೊದಲ, ಹೊಸಾದು ಅದರ ಮಗ್ಗಲಿಗೇ ಕಟ್ಟತಿದ್ಲು. ಆಕಿ ಹೋದ ಮ್ಯಾಲ ಇದ ಮೊದಲನೇ ಪೂಜಿ. ನಾ ಎಲ್ಲಾ ಬಿಚ್ಚಿ ತೊಳದೆ. ಮೊದಲ ಅದು ನಾಕು ಬಟ್ಟು ಮ್ಯಾಲಿತ್ತು. ಮಾವ ದೂರದಿಂದ ಕೈಮುಗಿತಿದ್ರು, ಬಗ್ಗಿ ನೋಡತಿರಲಿಲ್ಲ. ಮಾವ ಯಾವಾಗಲೂ ತುಟಿಗೆ ಸಮ, ತುಟಿಗೆ ಸಮ ಅಂತಿದ್ರಲ್ಲ, ಹಳೇದು ಮ್ಯಾಲ ಜರಗೈತಿ ಅಂತ ತಿಳದು ಸರೀ ತುಟಿಗೆ ಕಟ್ಟಿದೆ. ಛಂದ ಕಾಣತಿತ್ತು."

ಅವಳ ಅತ್ತೆಗೆ ಗೊತ್ತಿತ್ತೇ? ಅದು ನಾಲ್ಕು ಬೆರಳು ಮೇಲಿರುವುದನ್ನು ವರ್ಷವರ್ಷವೂ ನೋಡಿ, ಅರ್ಥ ತಿಳಿದೇ ಕಟ್ಟುತ್ತಿದ್ದಳೇ, ಅಥವಾ ಕೈರೂಢಿಯೇ? ಅದನ್ನು ಇನ್ನು ಯಾರೂ ಹೇಳಲಾರರು. ಕೈ ಸೆರಗಿಗೆ ಒರೆಸುತ್ತ ಅವಳು ನಿಂತಿದ್ದಳು. ಅವಳು ಕೇಳಿದ್ದು ಉಸ್ತಾದರು ಕೇಳಿ ನಾನು ಉತ್ತರಿಸದೆ ಬಿಟ್ಟ ಪ್ರಶ್ನೆಯಂಥದೇ ಇತ್ತು.

"ಹೌದಮ್ಮ, ದಾರ ತಪ್ಪಿತ್ತು," ಅಂದೆ. "ಆದ್ರ ದಾರ ನಂಬಿ ಬಂದೂಕು ಮುಟ್ಟೂದು ನಮ್ಮ ಕೆಲಸ ಅಲ್ಲ. ಯಾರರ ಮನಿ ಗುರುತು ಏನರ ಇರಲಿ, ನಮ್ಮ ಸರಳು ಹಾಕಿ ನೋಡಬೇಕು. ಆ ಸರಳು ಆವತ್ತು ನನ್ನ ಚೀಲದಾಗ ಇತ್ತು. ಇಲ್ಲೇ, ಈ ಜಾಗಾದಾಗ. ನಾ ತೆಗೀಲಿಲ್ಲ."

ಅವಳು ಅಳಲಿಲ್ಲ. "ನೀವು ಹಂಗ ಅಂತೀರಿ," ಅಂದಳು. ನಂಬಿದಳೋ ಇಲ್ಲವೋ ತಿಳಿಯದು. ಠಾಣೆಗೆ ಹೋಗಿ ದಾರ ಕಟ್ಟಿದವರ ಹೆಸರು ನಾನು ಸೇರಿಸಲಿಲ್ಲ. ಅವರೂ ಮತ್ತೆ ಕೇಳಿಲ್ಲ. ಕೇಳಿದರೆ ಹೇಳಬೇಕಾಗುತ್ತದೆ. ಕೇಳದಿರಲಿ ಎಂದು ಬೇಡುತ್ತೇನೆ.

ಉಸ್ತಾದರ ಮನೆಗೆ ನಾನು ದಿನವೂ ಹೋಗುತ್ತಿದ್ದೆ, ಆದರೆ ಗಂಡಸರ ನಡುವೆ ಕೂತು ಬರುತ್ತಿದ್ದೆ. ಅವರ ಹೆಂಡತಿಯನ್ನು ನಾನು ಅಮ್ಮಾ ಅನ್ನುತ್ತೇನೆ. ಇಪ್ಪತ್ತೆರಡು ವರ್ಷ ಮಧ್ಯಾಹ್ನದ ಬುತ್ತಿಯಲ್ಲಿ ನನಗೂ ಎರಡು ರೊಟ್ಟಿ ಹೆಚ್ಚು ಕಟ್ಟಿದವರು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದು ನಂಟರೆಲ್ಲ ಹೋದ ಮೇಲೆ ಅವರೇ ಹೇಳಿ ಕಳಿಸಿದರು. ಪರದೆಯ ಪಕ್ಕ ಕುರ್ಚಿ ಹಾಕಿದ್ದರು. ನಾನು ನೆಲದ ಮೇಲೆ ಕೂತೆ.

ಎಲ್ಲವನ್ನೂ ಹೇಳಿದೆ. ದಾರ, ಮಂದ ಸಪ್ಪಳ, ಮೇಣ, ಸರಳಿಗೆ ತಾಗಿ ಹಿಂದೆ ಬಂದ ಅವರ ಬೆರಳು. ಬಸ್ಸಿನ ಮಾತಿಗೆ ಬಂದಾಗ ಅಮ್ಮಾ ಕೈ ಎತ್ತಿ ನಿಲ್ಲಿಸಿದರು.

"ಅದು ನನಗ ಗೊತ್ತೈತಿ," ಅಂದರು. "ಕುರುಗೋಡಿಂದ ಬಂದ ದಿನ ಊಟಾ ಸೇರಲಿಲ್ಲ ಅವರಿಗೆ. ಏನಾತು ಅಂದೆ. ನಾ ಮತ್ತ ಮತ್ತ ನೋಡೂದಕ್ಕ ಹುಡಗ ನೊಂದಕೊಂಡಾನ, ಇನ್ನ ಮ್ಯಾಲ ಅವನ ಮುಂದ ನೋಡೂದು ಬಿಡಬೇಕು ಅಂದ್ರು. ನಿನಗ ಐವತ್ತಾದ್ರೂ ಅವರಿಗೆ ನೀ ಹುಡಗನ."

ಹೊರಗೆ ಓಣಿಯಲ್ಲಿ ಒಂದು ಆಟೋ ಹಾರ್ನ್ ಹೊಡೆಯುತ್ತ ದಾರಿ ಕೇಳುತ್ತಿತ್ತು. ಆಮೇಲೆ ಅವರು ಕೇಳಿದರು:

"ಆ ಚೀಟಿ ಎಲ್ಲಿ ಐತಿ?"

ಪೊಲೀಸರ ಹತ್ತಿರ ಇದೆ, ನನ್ನ ಫೋನಿನಲ್ಲಿ ಅದರ ಫೋಟೋ ಇದೆ ಅಂದೆ. ತೋರಿಸು ಅಂದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಮೊದಲ ಗೆರೆಯನ್ನು ಮುಟ್ಟಿದರು. ಅಲ್ಲಿ ನನ್ನ ಸಹಿಯಿತ್ತು. ಬೆರಳು ಎರಡನೆಯ ಗೆರೆಗೆ ಇಳಿಯಿತು. ಗೆರೆಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸರಿಯಿತು. ಅಲ್ಲಿ ಏನೂ ಇರಲಿಲ್ಲ.

"ಅವರ ಸಹಿ ಎಲ್ಲಿ?" ಅಂದರು.

"ಮಾಡಿಲ್ಲಮ್ಮಾ."

ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. ದುಪಟ್ಟಾ ತಲೆಯ ಮೇಲೆ ಸರಿ ಮಾಡಿಕೊಂಡರು.

"ನೋಡದ ಹೆಂಗ ಮಾಡತಾರ ಅವರು?" ಅಂದರು.